ಐದನೆಯ ಕಾರಣ

ಆಯುಧಪೂಜೆ ಬಂತೆಂದರೆ ಚೆನ್ನೈನ ಪೆರಂಬೂರು ಕಳೆಗಟ್ಟುತ್ತದೆ. ಇದು ರೈಲ್ವೆ ಕೆಲಸಗಾರರ ಊರು. ಹಳೆಯ ಲೋಕೋ ಮತ್ತು ಕ್ಯಾರೇಜ್ ಕಾರ್ಯಾಗಾರಗಳು ಇಲ್ಲಿವೆ; 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯೂ ಇಲ್ಲೇ ಇದೆ. ಲೇತು, ಕ್ರೇನು, ವೆಲ್ಡಿಂಗ್ ಯಂತ್ರಗಳೆಲ್ಲ ತೊಳೆಸಿಕೊಂಡು ಅರಿಸಿನ ಕುಂಕುಮ ಇಡಿಸಿಕೊಳ್ಳುತ್ತವೆ, ಜನರಿಗೆ ಕಡಲೆಪುರಿ ಹಂಚಿಕೆಯಾಗುತ್ತದೆ. ಅದೇ ಹೊತ್ತಿಗೆ ಮಂಡ್ಯದಲ್ಲೋ ಹಾವೇರಿಯಲ್ಲೋ ಟ್ರ್ಯಾಕ್ಟರಿನ ಮೂತಿಗೆ ಬಾಳೆಕಂಬ ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣಿಟ್ಟು, ಟಿಲ್ಲರು, ಪಂಪ್‌ಸೆಟ್ಟು, ಕುಡುಗೋಲುಗಳಿಗೆ ಒಂದೇ ಆರತಿಯಲ್ಲಿ ಪೂಜೆ ಸಲ್ಲುತ್ತದೆ.

ಎರಡೂ ಕಡೆ ಬೇಡಿಕೆ ಒಂದೇ: ಕೈಕಾಲು ಕಾಪಾಡು ತಾಯೀ. ಆದರೆ ಕಾರ್ಖಾನೆಗೆ ದೇವಿಯ ಜೊತೆಗೆ 1948ರ ಕಾರ್ಖಾನೆ ಕಾಯ್ದೆಯ ಆಸರೆಯೂ ಇತ್ತು. ತಿರುಗುವ ಭಾಗಗಳಿಗೆ ಕಾಪು ಹಾಕಲೇಬೇಕೆಂದು ಅದು ಕಟ್ಟುಮಾಡಿತು. ಹಾಕಿದ್ದಾರೋ ಇಲ್ಲವೋ ಎಂದು ನೋಡಲು ಇನ್‌ಸ್ಪೆಕ್ಟರನ್ನೂ ಕೊಟ್ಟಿತು. ಹೊಲದ ಯಂತ್ರಕ್ಕೆ ಅಂಥ ಕಣ್ಗಾವಲು ಕಡಿಮೆ. ಅಲ್ಲಿ ಕೈ ಹೋದರೆ ಮೊದಲು ಕೇಳಿಬರುವ ಮಾತು, ‘ಹಣೆಬರಹ’.

ರಕ್ಷಣೆಗೆಂದು ಮಾಡುವ ಆಚರಣೆಯೇ ಅಪಾಯ ತರುವುದೂ ಉಂಟು. ದೃಷ್ಟಿ ತೆಗೆಯಲು ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ತಿರುಳಿನ ಮೇಲೆ ಬೈಕ್ ಸವಾರರು ಜಾರಿ ಬೀಳುತ್ತಾರೆ. ರಸ್ತೆಯಲ್ಲಿ ಒಡೆಯಬೇಡಿ ಎಂದು ಚೆನ್ನೈ, ಬೆಂಗಳೂರು ಎರಡೂ ಕಡೆ ಹಬ್ಬದ ಮುಂಚೆ ಮನವಿ ಹೊರಡುತ್ತದೆ. ಒಬ್ಬನ ಲಾರಿಗೆ ತಾಕಬೇಕಿದ್ದ ದೃಷ್ಟಿ ಇನ್ನೊಬ್ಬನ ಮೊಣಕಾಲಿಗೆ ತಾಕುತ್ತದೆ.

ಹಾಗಾದರೆ ಅವಘಡದಲ್ಲಿ ದೈವದ ಪಾಲೆಷ್ಟು? ಈ ಪ್ರಶ್ನೆಗೆ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಒಂದು ಲೆಕ್ಕ ಕೊಡುತ್ತದೆ. ಯಾವ ಕೆಲಸ ನಡೆಯಬೇಕಾದರೂ ಕಾರಣಗಳು ಐದು: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಕೊನೆಗೆ ದೈವ. ಶಂಕರರು ಅಧಿಷ್ಠಾನವೆಂದರೆ ದೇಹ, ಕರಣವೆಂದರೆ ಇಂದ್ರಿಯ ಎಂದರು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಐದನೆಯದನ್ನು ಅಂತರ್ಯಾಮಿಯಾದ ಪರಮಾತ್ಮನೆಂದೇ ತಿಳಿದರು. ಆತ್ಮವಿಚಾರಕ್ಕೆಂದು ಹೇಳಿದ ಈ ಲೆಕ್ಕವನ್ನು ಒಕ್ಕಣೆಯ ಕಣಕ್ಕೆ ತಂದರೂ ಅದು ಕೆಲಸಕ್ಕೆ ಬರುತ್ತದೆ. ನೆಲ ಹೇಗಿತ್ತು, ಆಳು ಎಷ್ಟು ದಣಿದಿದ್ದ, ಯಂತ್ರ ಎಂಥದು, ಕೆಲಸದ ಪದ್ಧತಿ ಏನು ಎಂದು ವಿಚಾರಿಸಿದ ಮೇಲೆ ದೈವದ ಸರದಿ. ಹಣೆಬರಹ ಎನ್ನುವವರು ಮೊದಲ ನಾಲ್ಕನ್ನು ಹಾರಿಸಿ ನೇರ ಐದಕ್ಕೆ ಹೋಗುತ್ತಾರೆ.

ಒಕ್ಕಣೆ ಯಂತ್ರವನ್ನೇ ನೋಡಿ. ಹಸಿರು ಕ್ರಾಂತಿಯ ಬೆನ್ನಿಗೆ ಊರೂರಿಗೂ ಅದು ಬಂತು, ಜೊತೆಗೆ ಮೊಂಡುಗೈಗಳೂ ಬಂದವು. ತೆನೆ ತಳ್ಳುವ ಬಾಯಿ ಗಿಡ್ಡವಾಗಿದ್ದರೆ ಕಟ್ಟಿನ ಜೊತೆ ಕೈಯೂ ತಿರುಗುವ ಡ್ರಮ್ಮಿನೊಳಕ್ಕೆ ಹೋಗುತ್ತದೆ. ಭಾರತೀಯ ಮಾನಕ ಇದಕ್ಕೆ ಅಳತೆ ಗೊತ್ತುಮಾಡಿದೆ: ಆ ಬಾಯಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ 450 ಮಿಲಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಮನುಷ್ಯನ ತೋಳು ಎಷ್ಟೇ ಚಾಚಿದರೂ ಹಲ್ಲಿಗೆ ಸಿಗಬಾರದೆಂಬುದು ಲೆಕ್ಕ. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದು, ಇಂಥ ಯಂತ್ರಗಳ ತಯಾರಿಕೆ, ಮಾರಾಟ, ಬಳಕೆಗೆ ಕಟ್ಟುಪಾಡು ಹಾಕಿತು; ಗಾಯಗೊಂಡ ಕೂಲಿಗೆ ಪರಿಹಾರದ ದಾರಿಯನ್ನೂ ಮಾಡಿತು.

ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಹೇಳುವುದು ಇನ್ನೂ ಖಂಡಿತವಾದ ಮಾತು: ದೈವವೆಂಬುದು ಬೇರೆ ಇಲ್ಲ, ಹಿಂದೆ ಮಾಡಿದ ಪ್ರಯತ್ನದ ಫಲಕ್ಕೇ ಆ ಹೆಸರು. ತಗಡು ಉಳಿಸಲು ವರ್ಕ್‌ಶಾಪಿನಲ್ಲಿ ಒಬ್ಬ ಆ ಬಾಯಿಯನ್ನು ಗೇಣುದ್ದ ಕಡಿಮೆ ಮಾಡುತ್ತಾನೆ. ಐದು ವರ್ಷದ ಮೇಲೆ, ಅವನ ಮುಖವನ್ನೇ ನೋಡದ ಹೆಣ್ಣುಮಗಳೊಬ್ಬಳಿಗೆ ಅದು ವಿಧಿಯಾಗಿ ಎದುರಾಗುತ್ತದೆ.

ಹಾಗೆಂದು ವಿಧಿಯನ್ನು ಬಿಟ್ಟು ‘ಅವನದೇ ಅಜಾಗರೂಕತೆ’ ಎಂದರೆ ನ್ಯಾಯ ಸಿಕ್ಕಿತೆ? ಟ್ರ್ಯಾಕ್ಟರಿನ ಹಿಂದೆ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಚುಂಗೋ ಸೀರೆಯ ಸೆರಗೋ ಸಿಕ್ಕಿದರೆ, ‘ಅಯ್ಯೋ’ ಎನ್ನುವಷ್ಟರಲ್ಲಿ ಮೊಳಗಟ್ಟಲೆ ಬಟ್ಟೆ ಸುತ್ತಿಕೊಂಡು ಮೈಯನ್ನು ಎಳೆದಿರುತ್ತದೆ. ಎಷ್ಟೇ ಎಚ್ಚರದವರಿಗೂ ಅಲ್ಲಿ ಸಮಯ ಸಾಲದು. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಾಗ ಹೊಸದು ಹಾಕಿಸದವನು ಮಾಲೀಕ. ಮಳೆ ಬರುವುದರೊಳಗೆ ಮುಗಿಸಬೇಕೆಂದು ರಾತ್ರಿಯೂ ಓಡಿಸಿದವನು ಗುತ್ತಿಗೆದಾರ. ತಾನೊಬ್ಬನೇ ಕರ್ತೃವೆಂದು ಕಾಣುವವನಿಗೆ ಸರಿಯಾದ ನೋಟವಿಲ್ಲ ಎಂದು ಗೀತೆ ಅದೇ ಅಧ್ಯಾಯದಲ್ಲಿ ಹೇಳುತ್ತದೆ. ಅಹಂಕಾರ ಕಳೆಯಲು ಹೇಳಿದ ಮಾತು, ನಿಜ. ಎಲ್ಲ ತಪ್ಪನ್ನೂ ಬಿದ್ದವನ ತಲೆಗೇ ಕಟ್ಟುವವರಿಗೂ ಅದು ಉತ್ತರವಾಗಬಲ್ಲದು.

ಕಾಸರಗೋಡಿನ ಗಡಿಯ ಪಡ್ರೆ, ಎಣ್ಮಕಜೆ ಕಡೆಯವರು ವಿಧಿಯೋ ಮನುಷ್ಯರ ತಪ್ಪೋ ಎಂಬ ಪ್ರಶ್ನೆಯನ್ನು ಮೈಯಲ್ಲೇ ಹೊತ್ತವರು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ಬಾವಿ, ಸುರಂಗ, ಹಳ್ಳ, ಮನೆ. ಕೈಕಾಲು ಸೊಟ್ಟಗಾದ, ಬುದ್ಧಿ ಬಲಿಯದ ಮಕ್ಕಳು ಹುಟ್ಟತೊಡಗಿದಾಗ ಅದು ಊರ ದೈವ ಜಟಾಧಾರಿಯ ಮುನಿಸೆಂದು ನಂಬಿದವರಿದ್ದರು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಮತ್ತು ಅಲ್ಲಿನ ವೈದ್ಯ ಡಾ. ಮೋಹನ್ ಕುಮಾರ್ ಬೇರೆ ಕಡೆ ನೋಡಿದರು: ಆಕಾಶದಲ್ಲಿ ಏನು ಹಾರುತ್ತಿದೆ, ನೀರಿಗೆ ಏನು ಇಳಿಯುತ್ತಿದೆ ಎಂದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ಜಟಾಧಾರಿಯ ಮೇಲಿದ್ದ ಆರೋಪವೂ ಹಾಗೆ ಇಳಿಯಿತು.

ಭಕ್ತಿಗೆ ಇಲ್ಲಿ ಜಾಗವೇ ಇಲ್ಲವೆಂದಲ್ಲ. ಮಗನನ್ನು ಕಳೆದುಕೊಂಡ ಮನೆಗೆ ಹೋಗಿ ಶಾಫ್ಟಿನ ಕವಚದ ಪಾಠ ಹೇಳಲಾಗದು. ‘ಅವನ ಆಯಸ್ಸು ಅಷ್ಟೇ’ ಎಂಬ ಮಾತು ಆ ರಾತ್ರಿ ಕಳೆಯಲು ಬೇಕು. ನಾಗರಪಂಚಮಿಯಂದು ನೆಲ ಅಗೆಯದ, ನೇಗಿಲು ಹೂಡದ ರೈತ ಹಾವಿನೊಡನೆ ಒಂದು ಮರ್ಯಾದೆಯನ್ನೂ ಉಳಿಸಿಕೊಂಡಿದ್ದಾನೆ. ಆದರೆ ಹಾವು ಕಡಿದು ಈ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2020ರ ಅಧ್ಯಯನವೊಂದು ಅಂದಾಜಿಸಿತು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮದ್ದಿಗೆ ಬೇಕಾದ ವಿಷದ ದೊಡ್ಡ ಪಾಲು ಚೆನ್ನೈನ ದಕ್ಷಿಣಕ್ಕಿರುವ ವಡನೆಮ್ಮೇಲಿಯ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ಗದ್ದೆಯ ಬದುವಿನಲ್ಲಿ ಹಾವು ಎದುರಾಗುವುದು ಐದನೆಯ ಕಾರಣವಿರಬಹುದು. ಟಾರ್ಚು, ಬೂಟು, ಹತ್ತಿರದ ಆಸ್ಪತ್ರೆಯಲ್ಲಿ ಮದ್ದು ಇವು ಬೇರೆ ಲೆಕ್ಕ.

ಕೆಲವೊಮ್ಮೆ ಒಂದು ಕಾರಣವನ್ನು ಸರಿಪಡಿಸಿದರೆ ಇನ್ನೊಂದು ತಲೆಯೆತ್ತುತ್ತದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುತ್ತಿದ್ದ ಕೊನೆಗಾರ ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾನೆ, ಔಷಧಿಯನ್ನೂ ಹೊಡೆಯುತ್ತಾನೆ. ಬೀಳುವ ಭಯ ಹೋಯಿತು. ಆದರೆ ಕಾರ್ಬನ್ ಫೈಬರಿನಲ್ಲಿಯೂ ಅಲ್ಯೂಮಿನಿಯಮ್ಮಿನಂತೆ ಕರೆಂಟು ಹರಿಯುತ್ತದೆ, ತೋಟದ ನಡುವೆ ವಿದ್ಯುತ್ ತಂತಿ ಹಾದಿರುತ್ತದೆ. ತಂತಿ ಎಳೆದ ಕಂಪನಿ, ಅದರಡಿಯಲ್ಲೇ ಸಸಿ ನೆಟ್ಟ ಯಜಮಾನ, ಹಿಡಿಗೆ ನಿರೋಧಕ ಹೊದಿಕೆ ಇದೆಯೇ ಎಂದು ಹೇಳದೆ ದೋಟಿ ಮಾರಿದ ಅಂಗಡಿ, ತಲೆಯೆತ್ತಿ ನೋಡದ ಕೊನೆಗಾರ: ಈ ಮಳೆಗಾಲದ ಔಷಧಿ ಹೊಡೆಯುವ ಮುಂಚೆ ಇವರಲ್ಲಿ ಯಾರು ಯಾರನ್ನು ಕೇಳಬೇಕು ಎಂಬುದು ಇನ್ನೂ ಹೆಚ್ಚಿನ ತೋಟಗಳಲ್ಲಿ ತೀರ್ಮಾನವಾಗಿಲ್ಲ.