ಹಗ್ಗ ಹಿಡಿದವನೂ ಹಣ್ಣು ಜವನ ಎಸೆದವನೂ

ಹದಿನೇಳು ಸೀಸನ್ ಕಪ್ ಬರದಿದ್ದರೂ ಆರ್‌ಸಿಬಿಯ ಕೈ ಬಿಡದವರನ್ನು ಹೊಗಳುವ ಭರದಲ್ಲಿ ಅವರಿಗೆ ನಿಷ್ಕಾಮ ಕರ್ಮಿಗಳೆಂಬ ಬಿರುದು ಕೊಡುವವರಿದ್ದಾರೆ. ಫಲ ಸಿಗದಿದ್ದರೂ ಬಿಡಲಿಲ್ಲ, ಆದ್ದರಿಂದ ಫಲದ ಆಸೆಯೇ ಇರಲಿಲ್ಲ ಎಂಬುದು ಅವರ ತರ್ಕ. ವರ್ಷ ವರ್ಷವೂ 'ಈ ಸಲ ಕಪ್ ನಮ್ದೇ' ಎಂದು ಕೂಗಿದವರಿಗೆ ಆಸೆ ಇರಲಿಲ್ಲ ಎನ್ನುವುದು ತಮಾಷೆಯ ಮಾತು, ಅದನ್ನು ಬಿಡಿ. ದೊಡ್ಡ ತಪ್ಪಿರುವುದು ಅವರದನ್ನು ಕರ್ಮ ಎನ್ನುವುದರಲ್ಲಿ. ಗೀತೆಯ ಎರಡನೆಯ ಅಧ್ಯಾಯದ 47ನೆಯ ಶ್ಲೋಕ ಅಧಿಕಾರ ಕೊಡುವುದು ಕೆಲಸದ ಮೇಲೆ, ಫಲದ ಮೇಲಲ್ಲ. ಅಂದಮೇಲೆ ಕೈಯಲ್ಲಿ ಮೊದಲು ಒಂದು ಕೆಲಸ ಇರಬೇಕು; ಫಲ ಬಿಡುವ ಪ್ರಶ್ನೆ ಆಮೇಲಿನದು. ನಂಜನಗೂಡಿನ ಹೋಟೆಲಿನಲ್ಲಿ ಟೀವಿ ನೋಡುತ್ತ ನಿಂತವನ ಕೈಯಲ್ಲಿ ಯಾವ ಕೆಲಸವಿದೆ?

ಐಪಿಎಲ್ ಕಾವೇರುವ ಮಾರ್ಚ್-ಏಪ್ರಿಲ್‌ನಲ್ಲೇ ಅದೇ ಊರಿನ ದೊಡ್ಡ ಜಾತ್ರೆಯೂ ಬರುತ್ತದೆ. ಐದು ತೇರು: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಇವುಗಳಲ್ಲಿ ದೊಡ್ಡದಾದ ಗೌತಮ ರಥದ ಹಗ್ಗ ಹಿಡಿದವನನ್ನು ನೋಡಿ. ಅವನೊಬ್ಬನ ಎಳೆತಕ್ಕೆ ತೇರು ಕದಲದು, ಆದರೆ ಕದಲಿದ್ದರಲ್ಲಿ ಅವನ ಪಾಲುಂಟು. ಚಕ್ರ ಹೂತು ತೇರು ನಿಂತರೂ ಎಳೆದದ್ದು ಸುಳ್ಳಾಗುವುದಿಲ್ಲ. ಅಂಗೈ ಉರಿಯುತ್ತಲೇ ಇರುತ್ತದೆ. ನಿಷ್ಕಾಮ ಕರ್ಮ ಎಂಬ ಮಾತು ಇಂಥವನಿಗೆ ಹೇಳಿದ್ದು. ಮಹಡಿಯ ಮೇಲಿಂದ ಹಣ್ಣು ಜವನ ಎಸೆಯುವವನಿಗೂ ತೇರು ಸುಸೂತ್ರವಾಗಿ ನೆಲೆ ಸೇರಬೇಕೆಂಬ ಹಂಬಲ ಅಷ್ಟೇ ಇರಬಹುದು, ಒಂದು ತೂಕ ಹೆಚ್ಚೇ ಇರಬಹುದು. ಅದು ಭಕ್ತಿ. ಅದನ್ನು ಕೀಳು ಮಾಡಬೇಕಿಲ್ಲ, ಎಳೆತ ಎಂದು ಕರೆಯಬೇಕಾಗಿಯೂ ಇಲ್ಲ.

ಬೆಂಗಳೂರು-ಚೆನ್ನೈ ಪೈಪೋಟಿಯಲ್ಲಿ ಈ ವ್ಯತ್ಯಾಸ ಎದ್ದು ಕಂಡದ್ದು 2012ರ ಏಪ್ರಿಲ್ 12ರಂದು, ಚೆಪಾಕ್‌ನಲ್ಲಿ. ಚೆನ್ನೈ ಗೆಲ್ಲಲು 206 ಬೇಕಿತ್ತು. ಕೊನೆಯ ಎರಡು ಓವರಿಗೆ 43 ಉಳಿದಿತ್ತು. ನಾಯಕ ಡೇನಿಯಲ್ ವೆಟ್ಟೋರಿ 19ನೆಯ ಓವರಿಗೆ ಚೆಂಡು ಕೊಟ್ಟದ್ದು ವಿರಾಟ್ ಕೊಹ್ಲಿಗೆ. ಆಲ್ಬಿ ಮಾರ್ಕೆಲ್ 28 ರನ್ ಬಾರಿಸಿದರು. ದಾವಣಗೆರೆಯ ವಿನಯ್ ಕುಮಾರ್‌ಗೆ ಉಳಿದ 15 ಕಾಯಲಾಗಲಿಲ್ಲ, ಕೊನೆಯ ಎಸೆತದಲ್ಲಿ ಪಂದ್ಯ ಹೋಯಿತು. ವೆಟ್ಟೋರಿಗೆ ಅದು ಕರ್ಮ. ಇದ್ದ ಆಯ್ಕೆಗಳಲ್ಲಿ ಒಂದನ್ನು ಹಿಡಿದರು, ಆಮೇಲಿನದು ಕೈ ಮೀರಿತು. ಗೀತೆ ಅವರಿಗೆ ಸಮಾಧಾನ ಹೇಳಬಲ್ಲದು. ತಿ. ನರಸೀಪುರದಲ್ಲಿ ಕೂತು ತಲೆ ಚಚ್ಚಿಕೊಂಡವನಿಗೆ ಏನು ಹೇಳುವುದು? ಕರ್ಮಯೋಗಿಗೆ ಫಲ ಹೋದರೂ ಕೆಲಸ ಉಳಿಯುತ್ತದೆ. ಇವನಿಗೆ ಫಲವೊಂದೇ ಗತಿ. ಅದೂ ತಪ್ಪಿದಾಗ ಬಾಯಿಗೆ ಬರುವ ಬೈಗುಳದ ಖಾರಕ್ಕೆ ಇದೇ ಕಾರಣ.

ಕೂಗಿ ಹುರಿದುಂಬಿಸುವುದೂ ಕರ್ಮವಲ್ಲವೇ ಎಂದು ಕೇಳಬಹುದು. 2016ರ ಫೈನಲ್‌ನಲ್ಲಿ 209 ಬೆನ್ನಟ್ಟುತ್ತ ಗೇಲ್-ಕೊಹ್ಲಿ ಮೊದಲ ವಿಕೆಟಿಗೆ 114 ಸೇರಿಸಿಕೊಟ್ಟ ಮೇಲೂ ಚಿನ್ನಸ್ವಾಮಿ ಮೈದಾನದ ಕೂಗೆಲ್ಲ ಸೇರಿ ಎಂಟು ರನ್ನಿನ ಕೊರತೆ ತುಂಬಲಿಲ್ಲ. 2025ರಲ್ಲಂತೂ ಇದೇ ತಂಡ ತವರಿನ ಮೊದಲ ಮೂರೂ ಪಂದ್ಯ ಸೋತು, ಎದುರಾಳಿಗಳ ಅಂಗಳದ ಏಳೂ ಲೀಗ್ ಪಂದ್ಯ ಗೆದ್ದಿತು. ಚೆನ್ನೈ ಎದುರಿನ ಪಂದ್ಯ ನಾಡಿನ ಮಾನದ ಪ್ರಶ್ನೆ ಎನ್ನುವವರೂ ಇದ್ದಾರೆ. ಕಪಿಲೆ ಕಾವೇರಿಯನ್ನು ಕೂಡಿ ತಮಿಳುನಾಡಿನ ಕಡೆ ಹರಿಯುವ ತಿ. ನರಸೀಪುರದಲ್ಲಿ ಆ ಮಾತಿಗೆ ಬಿಸಿ ಹೆಚ್ಚು. 2018ರಲ್ಲಿ ಕಾವೇರಿ ಪ್ರತಿಭಟನೆಯಿಂದಾಗಿ ಚೆನ್ನೈನ ತವರು ಪಂದ್ಯಗಳು ಪುಣೆಗೆ ಹೋದದ್ದೂ ನಿಜ. ಆದರೆ ನೀರಿನ ವಿಷಯದಲ್ಲಿ ರೈತನಿಗೆ, ವಕೀಲನಿಗೆ, ಎಂಜಿನಿಯರನಿಗೆ ಮಾಡಲು ಕೆಲಸವಿದೆ. ರಾಂಚಿಯ ಧೋನಿಯೂ ದಿಲ್ಲಿಯ ಕೊಹ್ಲಿಯೂ ಆಡುವ ಪಂದ್ಯದಿಂದ ಒಂದು ಕ್ಯೂಸೆಕ್ ಹೆಚ್ಚಾಗದು, ಕಡಿಮೆಯೂ ಆಗದು.

ಹಾಗಾದರೆ ಆಸೆಯನ್ನೇ ಬಿಡಲಿ ಎನ್ನುವ ಎಪಿಕ್ಟೆಟಸ್ ನನಗೆ ಹಿಡಿಸುವುದಿಲ್ಲ. ಈ ಸ್ಟೋಯಿಕ್ ಗುರುವಿನ ಕೈಪಿಡಿಯಲ್ಲಿ ನೋಡುಗರಿಗೇ ಒಂದು ಬುದ್ಧಿಮಾತಿದೆ: ಆಟ-ನಾಟಕಗಳಿಗೆ ಹೆಚ್ಚು ಹೋಗಬೇಡ, ಹೋದರೂ ಯಾರ ಪಕ್ಷವನ್ನೂ ವಹಿಸಬೇಡ, ಗೆದ್ದವನೇ ಗೆಲ್ಲಲಿ ಎಂದು ಬಯಸು. ಹೀಗೆ ಬಯಸುವವನಿಗೆ ಸೋಲೇ ಇಲ್ಲ, ಒಪ್ಪೋಣ. ಆದರೆ ಅದು ಸಂಯಮವಲ್ಲ, ಮನಸ್ಸಿನ ಜಿಪುಣತನ. ಗೀತೆ ಅರ್ಜುನನಿಗೆ ಯಾರು ಗೆದ್ದರೂ ಸರಿ ಎಂದು ಹೇಳಿ ರಥದಿಂದ ಇಳಿಸಲಿಲ್ಲ. ಇನ್ನು ಬೈಯುವವನಿಗೆ ಕನ್ನಡದಲ್ಲಿ ಹಳೆಯ ಜಾಗವೇ ಇದೆ. ಹರಿದಾಸರು ನಿಂದಾಸ್ತುತಿಗಳಲ್ಲಿ ದೇವರನ್ನೇ ತರಾಟೆಗೆ ತೆಗೆದುಕೊಂಡರು, ಬಿಟ್ಟುಹೋಗಲಿಲ್ಲ. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾದ ತಂಡಕ್ಕೆ ಹಿಡಿಶಾಪ ಹಾಕಿ ಮುಂದಿನ ಪಂದ್ಯಕ್ಕೆ ಮತ್ತೆ ಟೀವಿ ಹಚ್ಚಿದವನು ಈ ಸಾಲಿನವನು, ವಿರಕ್ತರ ಸಾಲಿನವನಲ್ಲ.

ನಿಷ್ಕಾಮ ಕರ್ಮ ನೋಡಬೇಕೆಂದರೆ 2024ರ ಮೇ 18ರ ಕೊನೆಯ ಓವರಿನ ಎರಡನೆಯ ಎಸೆತ ನೋಡಬಹುದು. ಪ್ಲೇಆಫ್ ಸೇರಲು ಚೆನ್ನೈಗೆ ಆ ಓವರಿನಲ್ಲಿ 17 ಬೇಕಿತ್ತು. ಬೌಲರ್ ಯಶ್ ದಯಾಳ್. ಹಿಂದಿನ ವರ್ಷವಷ್ಟೇ ಕೊನೆಯ ಓವರಿನಲ್ಲಿ ರಿಂಕು ಸಿಂಗ್ ಕೈಲಿ ಸತತ ಐದು ಸಿಕ್ಸರ್ ತಿಂದವರು. ಮೊದಲ ಎಸೆತವನ್ನು ಧೋನಿ ಮೈದಾನದಾಚೆ ಅಟ್ಟಿದರು. ಮುಂದಿನದನ್ನು ದಯಾಳ್ ನಿಧಾನಕ್ಕೆ ಹಾಕಿದರು, ಧೋನಿ ಕ್ಯಾಚಿತ್ತರು. ಹೊಗಳುತ್ತಿರುವುದು ಆ ಒಂದು ಎಸೆತವನ್ನು, ಎಸೆದವರ ಇಡೀ ಬದುಕನ್ನಲ್ಲ. ಕಪ್ ಬಂದದ್ದು 2025ರ ಜೂನ್ 3ಕ್ಕೆ. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಭಿಮಾನಿಗಳದು ಅತಿಯಾಯಿತು ಎಂದರು ಕೆಲವರು. ಬಂದವರ ಬಳಿ ಇದ್ದದ್ದು ಆಸೆ ಮಾತ್ರ. ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯಬೇಕು, ಪಾಸು ಯಾರಿಗೆ, ಬಂದೋಬಸ್ತಿಗೆ ಎಷ್ಟು ಜನ ಎಂಬುದೆಲ್ಲ ಕರ್ಮ. ಆ ಕರ್ಮದ ಅಧಿಕಾರ ಬೀದಿಯಲ್ಲಿ ನಿಂತವರಿಗೆ ಇರಲಿಲ್ಲ.