ತಲೆಗೂದಲಿನ ಲೆಕ್ಕವಿಟ್ಟ ತಂದೆ



ಸಂತ ಮತ್ತಾಯನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಧೈರ್ಯ ತುಂಬುತ್ತಾರೆ. ಪುಡಿಗಾಸಿಗೆ ಮಾರಾಟವಾಗುವ ಗುಬ್ಬಿಗಳ ಮೇಲೂ ತಂದೆಯ ಕಣ್ಣಿದೆ ಎನ್ನುತ್ತಾರೆ. ಶಿಷ್ಯರ ತಲೆಗೂದಲಿನ ಲೆಕ್ಕವೂ ಆ ತಂದೆಯ ಬಳಿ ಇದೆ ಎಂದು ತಿಳಿಸುತ್ತಾರೆ. ಪೂಜೆಯಲ್ಲಿ ಈ ವಾಚನ ಬಂದಾಗಲೆಲ್ಲ ಜನರ ಮುಖದಲ್ಲಿ ಸಣ್ಣ ನಗೆಯೊಂದು ಮೂಡುವುದನ್ನು ಕಂಡಿದ್ದೇನೆ. "ಫಾದರ್, ನನ್ನ ವಿಷಯದಲ್ಲಿ ದೇವರಿಗೆ ಕೆಲಸ ಕಡಿಮೆ" ಎಂದು ಬೋಳುತಲೆಯ ಹಿರಿಯರೊಬ್ಬರು ಪೂಜೆಯ ನಂತರ ನನ್ನನ್ನು ನಗಿಸಿದ್ದೂ ಉಂಟು.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುತ್ತವೆ, ಮತ್ತೆ ಹುಟ್ಟುತ್ತವೆ. ಈ ಲೆಕ್ಕ ಯಾರಿಗೆ ಬೇಕು? ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚುವ ತಾಯಿಯನ್ನು ನೆನೆಯಿರಿ. ಸುಳಿ ಎಲ್ಲಿದೆ, ಬಿದ್ದು ಗಾಯವಾದ ಕಲೆ ಎಲ್ಲಿದೆ, ಸಿಕ್ಕು ಎಲ್ಲಿ ಬೀಳುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಯೇಸುಸ್ವಾಮಿ ಹೇಳಿದ ಲೆಕ್ಕ ಇಂಥದ್ದು. ಅದು ಪ್ರೀತಿಸುವವರು ಇಡುವ ಲೆಕ್ಕ.

ಈ ವಾಕ್ಯವನ್ನು ಎಷ್ಟೋ ಬಾರಿ ಬೋಧಿಸಿದ ನಾನೇ ಒಮ್ಮೆ ಅದಕ್ಕೆ ವಿರುದ್ಧವಾಗಿ ನಡೆದೆ. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಗುರುಪಟ್ಟ ಪಡೆದ ಹೊಸತರಲ್ಲಿ ನಾನು ಉತ್ತರ ಕನ್ನಡದ ಕಾಡಂಚಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿನ ಭಕ್ತರಲ್ಲಿ ಅನೇಕರು ಸಿದ್ದಿ ಜನಾಂಗದವರು. ಇವರ ಪೂರ್ವಜರು ಆಫ್ರಿಕದವರು. ಮೊಜಾಂಬಿಕ್ ಮೊದಲಾದ ಕಡೆಗಳಿಂದ ಪೋರ್ಚುಗೀಸರು ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗಗಳಲ್ಲಿ ನೆಲೆಸಿರುವ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಕಥೋಲಿಕರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಮನೆಮಾತು ನಮ್ಮ ಮಾತುಗಳೇ: ಕೊಂಕಣಿ, ಕನ್ನಡ, ಮರಾಠಿ, ಉರ್ದು. ಆದರೂ ಬಸ್ಸಿನಲ್ಲಿ ಕುಳಿತರೆ ಅಕ್ಕಪಕ್ಕದವರು ಅವರನ್ನು ಪರದೇಶಿಗಳಂತೆ ನೋಡುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಅವರ ಮೈಬಣ್ಣ ಮತ್ತು ಒತ್ತಾದ ಗುಂಗುರು ಕೂದಲು.

ಆ ವರ್ಷ ಕ್ರಿಸ್ಮಸ್ ನಾಟಕಕ್ಕೆ ಮಕ್ಕಳನ್ನು ಆರಿಸುತ್ತಿದ್ದೆವು. ಹನ್ನೆರಡು ವರ್ಷದ ಸಿದ್ದಿ ಹುಡುಗಿಯೊಬ್ಬಳು ಮಾತೆ ಮರಿಯಳ ಪಾತ್ರ ಬೇಕೆಂದು ಕೇಳಿದಳು. ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. "ಆ ಕೂದಲಿಗೆ ದೇವಮಾತೆಯ ಮುಸುಕು ಕೂರುವುದಿಲ್ಲ" ಎಂದು ಯಾರೋ ಅಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. "ನೀನು ಕುರಿ ಕಾಯುವವರ ಜೊತೆಗಿರು, ತಲೆಗೊಂದು ಕಂಬಳಿ ಹೊದ್ದುಕೋ" ಎಂದೆ. ಅವಳು ತಲೆಯಾಡಿಸಿ ಹಿಂದೆ ಸರಿದಳು. ಅಷ್ಟೇ ನಡೆದದ್ದು. ನಾನು ಅದನ್ನು ಆ ಸಂಜೆಯೇ ಮರೆತುಬಿಟ್ಟೆ.

ಅವಳು ಮರೆಯಲಿಲ್ಲ. ಎರಡು ವರ್ಷದ ನಂತರ, ಪಟ್ಟಣದ ಹಾಸ್ಟೆಲಿನಲ್ಲಿದ್ದಾಗ, ಕೂದಲು ನೇರ ಮಾಡುವ ಕ್ರೀಮನ್ನು ಗೆಳತಿಯರಿಂದ ತರಿಸಿಕೊಂಡು ಗುಟ್ಟಾಗಿ ಹಚ್ಚಿಕೊಂಡಳು. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ನೇರವಾದೀತೆಂದು ಉರಿಯನ್ನು ತಡೆದುಕೊಂಡು ಕುಳಿತಳಂತೆ. ನೆತ್ತಿಯ ಚರ್ಮ ಸುಟ್ಟುಹೋಯಿತು. ನೋಡಲು ಹೋದಾಗ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಜ್ಜಿ ಪಕ್ಕದಲ್ಲಿ ಕುಳಿತು ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು. ನನ್ನತ್ತ ಕಣ್ಣೆತ್ತದೆಯೇ ಹೇಳಿದರು: "ಫಾದರ್, ಆ ಕೂದಲ ನಮ್ಮವ್ವಂದು. ನನಗ ಬಂತು, ನನ್ನ ಮಗಳಿಗೆ ಬಂತು, ಈಕಿಗೂ ಬಂತು. ಅದರಾಗ ತಪ್ಪೇನೈತ್ರಿ?"

ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿಬಂದಿದ್ದ ನನಗೆ ಆ ಅಜ್ಜಿಯ ಪ್ರಶ್ನೆಗೆ ಬಾಯಿ ಬರಲಿಲ್ಲ.

ಪ್ರಿಯರೇ, ಅದರಲ್ಲಿ ತಪ್ಪೇನಿದೆ? ಕೂದಲು ಹುಟ್ಟುವ ಬುಡದ ಆಕಾರ ದುಂಡಗಿದ್ದರೆ ಕೂದಲು ನೇರವಾಗಿ ಬರುತ್ತದೆ. ಅದು ಚಪ್ಪಟೆಯಾಗಿ, ಬಾಗಿದಂತಿದ್ದರೆ ಸುರುಳಿಯಾಗಿ ಬರುತ್ತದೆ. ಎರಡೂ ಒಂದೇ ಕೆರಾಟಿನ್ ಎಂಬ ವಸ್ತುವಿನಿಂದ ಆದವು. ಒತ್ತಾದ ಗುಂಗುರು ಕೂದಲು ಸುಡುಬಿಸಿಲಿನಿಂದ ತಲೆಯನ್ನು ಹೆಚ್ಚು ಚೆನ್ನಾಗಿ ಕಾಯುತ್ತದೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಾವು ನಕ್ಕ ಆ ಕೂದಲು ಅವಳ ಹಿರಿಯರ ತಲೆಗೆ ದೇವರು ಹಿಡಿದ ಕೊಡೆ! ನೇರ ಮಾಡುವ ಕ್ರೀಮುಗಳು ಪ್ರಬಲ ಕ್ಷಾರಗಳಿಂದ ಕೂದಲಿನೊಳಗಿನ ಬೆಸುಗೆಗಳನ್ನೇ ಮುರಿಯುತ್ತವೆ. ಚರ್ಮಕ್ಕೆ ತಗುಲಿದರೆ ಸುಡುತ್ತವೆ. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸಿದ ಮಹಿಳೆಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತೆಂದು 2022ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದ್ದಾರೆ. ಅದೇ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲವಾದರೂ ಎಚ್ಚರಿಕೆಗೆ ಅಷ್ಟು ಸಾಕು.

ಇದು ನಮ್ಮ ಘಟ್ಟದ ಮಕ್ಕಳ ನೋವು ಮಾತ್ರವಲ್ಲ. ಅಮೆರಿಕದಲ್ಲಿ ಗುಲಾಮರ ಸಂತತಿಯ ಮಕ್ಕಳು ತಮ್ಮ ಸಹಜ ಕೂದಲಿನಿಂದಾಗಿ ಶಾಲೆಯಲ್ಲಿ, ಕೆಲಸದಲ್ಲಿ ಅಡ್ಡಿಗಳನ್ನು ಎದುರಿಸಿದ್ದಾರೆ. 2019ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಕೂದಲಿನ ಕಾರಣಕ್ಕೆ ಯಾರನ್ನೂ ಹೀಗೆ ಕೀಳಾಗಿ ಕಾಣಬಾರದೆಂದು ಕಾನೂನನ್ನೇ ಮಾಡಬೇಕಾಯಿತು. ದೇವರು ಲೆಕ್ಕವಿಟ್ಟ ಕೂದಲನ್ನು ಮನುಷ್ಯನಿಂದ ಕಾಪಾಡಲು ಕಾನೂನು ಬೇಕಾಯಿತೆಂದರೆ ನಮ್ಮ ಕುರುಡು ಎಷ್ಟಿರಬೇಕು!

ಈ ಕುರುಡು ಎಲ್ಲಿಂದ ಬರುತ್ತದೆ? ಸಂತ ಥಾಮಸ್ ಅಕ್ವಿನಾಸರು ಒಂದು ಆಳವಾದ ಸತ್ಯವನ್ನು ಕಲಿಸಿದ್ದಾರೆ. ನಾವು ಒಂದು ವಸ್ತುವಿನಲ್ಲಿ ಒಳ್ಳೆಯದನ್ನು ಕಂಡು ಆಮೇಲೆ ಅದನ್ನು ಪ್ರೀತಿಸುತ್ತೇವೆ. ದೇವರ ಪ್ರೀತಿ ಹಾಗಲ್ಲ. ಅವರು ಪ್ರೀತಿಸುವುದರಿಂದಲೇ ವಸ್ತುವಿನಲ್ಲಿ ಒಳ್ಳೆಯತನ ಹುಟ್ಟುತ್ತದೆ. ಎಂದರೆ, ಆ ಹುಡುಗಿ ಚೆಂದ ಕಂಡ ಮೇಲೆ ದೇವರು ಅವಳನ್ನು ಮೆಚ್ಚಲಿಲ್ಲ. ದೇವರು ಮೊದಲೇ ಪ್ರೀತಿಸಿದ್ದರಿಂದ ಅವಳು ಇದ್ದಾಳೆ, ಅವಳ ಗುಂಗುರು ಕೂದಲು ಇದೆ. ನಾವಾದರೋ ಕೈಯಲ್ಲಿ ಒಂದು ಅಳತೆಗೋಲು ಹಿಡಿದುಕೊಂಡಿದ್ದೇವೆ. ಅದಕ್ಕೆ ಸರಿಹೊಂದಿದವರು ಸುಂದರರು, ಉಳಿದವರು ಹಿಂದೆ ನಿಲ್ಲಬೇಕು.

ಆ ಅಳತೆಗೋಲು ನಮ್ಮ ಗೋಡೆಯ ಮೇಲೂ ಇದೆ. ನಮ್ಮ ಕ್ಯಾಲೆಂಡರುಗಳಲ್ಲಿ ಯೇಸುವಿಗೆ ನೀಲಿ ಕಣ್ಣು, ಮಾತೆ ಮರಿಯಳಿಗೆ ಗುಲಾಬಿ ಕೆನ್ನೆ. ಯೂರೋಪಿನ ಚಿತ್ರಕಾರರು ಭಕ್ತಿಯಿಂದ ತಮ್ಮ ಜನರ ಮುಖವನ್ನೇ ಪ್ರಭುವಿಗೂ ಕೊಟ್ಟರು. ಅದರಲ್ಲಿ ದೋಷವಿಲ್ಲ. ಆದರೆ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಯೇಸುವಿನ ಕೂದಲಿನ, ಮೈಬಣ್ಣದ ವರ್ಣನೆ ಇಲ್ಲ. ನಜರೇತಿನ ಯೆಹೂದಿ ಹೆಂಗಸಿನ ಪಾತ್ರಕ್ಕೆ ಈ ಮಗುವಿನ ಕೂದಲು ಹೊಂದುವುದಿಲ್ಲವೆಂದು ತೀರ್ಮಾನಿಸಿದಾಗ ನನ್ನ ತಲೆಯಲ್ಲಿದ್ದದ್ದು ಶುಭಸಂದೇಶವಲ್ಲ, ಕ್ಯಾಲೆಂಡರು.

ಧರ್ಮಸಭೆಯಾದರೋ ನಮಗೆ ಬೇರೆ ಮುಖಗಳನ್ನೂ ಪೀಠದ ಮೇಲೆ ತೋರಿಸಿದೆ. 2000ದಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಸಂತ ಪದವಿಗೇರಿಸಿದ ಜೋಸೆಫೀನ್ ಬಖಿತಾ ಸೂಡಾನಿನವರು. ಎಳೆವಯಸ್ಸಿನಲ್ಲೇ ಅಪಹರಣಕ್ಕೆ ಒಳಗಾಗಿ ಗುಲಾಮಳಾಗಿ ಮಾರಾಟವಾದರು. ಒಡತಿಯೊಬ್ಬಳ ಅಪ್ಪಣೆಯಂತೆ ಅವರ ಮೈಮೇಲೆ ಕತ್ತಿಯಿಂದ ಚಿತ್ತಾರ ಕೊರೆದು ಉಪ್ಪು ತುಂಬಿದರು. ಆ ದೇಹವನ್ನು ಎಲ್ಲರೂ ತಮ್ಮ ಸೊತ್ತೆಂದೇ ಎಣಿಸಿದ್ದರು. ಇಟಲಿಯಲ್ಲಿ ಬಿಡುಗಡೆ ಹೊಂದಿ, 1890ರಲ್ಲಿ ಜ್ಞಾನಸ್ನಾನ ಪಡೆದು, ಮುಂದೆ ಕನ್ಯಾಸ್ತ್ರೀಯಾದರು. ಸ್ಕಿಯೊ ಪಟ್ಟಣದ ಜನ ಮೊದಮೊದಲು ಅವರ ಕಪ್ಪು ಬಣ್ಣವನ್ನು ಸೋಜಿಗದಿಂದ ನೋಡಿದರು. ಬರಬರುತ್ತಾ ನಮ್ಮ ಕಪ್ಪು ತಾಯಿ ಎಂದು ಅಕ್ಕರೆಯಿಂದ ಕರೆದರು. ಬಖಿತಾ ತಮ್ಮ ಬಣ್ಣವನ್ನು ಬದಲಿಸಲಿಲ್ಲ. ಊರಿನವರ ಕಣ್ಣು ಬದಲಾಯಿತು.

"ಹಾಗಾದರೆ ಅಲಂಕಾರವೇ ಪಾಪವೇ, ಫಾದರ್?" ಎಂದು ನೀವು ಕೇಳಬಹುದು. ಅಲ್ಲ. ಸಮುವೇಲನಿಗೆ ದೇವರು, ಮನುಷ್ಯರು ಹೊರರೂಪ ನೋಡಿದರೂ ತಾವು ನೋಡುವುದು ಹೃದಯವನ್ನು ಎಂದು ತಿಳಿಸಿದ ಅದೇ ಅಧ್ಯಾಯದಲ್ಲಿ ಬಾಲಕ ದಾವೀದನು ಚೆಲುವನಾಗಿದ್ದನೆಂದೂ ಬರೆದಿದೆ. ಚೆಲುವು ದೇವರಿಗೆ ಬೇಡವಾದುದಲ್ಲ. ಅದೇ ದಾವೀದನ ಮಗ ಅಬ್ಷಾಲೋಮನಾದರೋ ಕತ್ತರಿಸಿದ ತನ್ನ ಕೂದಲನ್ನು ತೂಗಿಸಿ ನೋಡುತ್ತಿದ್ದವನು; ಕೊನೆಗೆ ತಲೆ ಮರಕ್ಕೆ ಸಿಕ್ಕಿಕೊಂಡು ಸತ್ತ. ಕೂದಲಿನ ಜಂಬವೂ ಕೂದಲಿನ ನಾಚಿಕೆಯೂ ಒಂದೇ ಬೇನೆಯ ಎರಡು ಮುಖಗಳು. ಎರಡರಲ್ಲಿಯೂ ಕಣ್ಣು ಕನ್ನಡಿಯನ್ನು ಬಿಟ್ಟು ಏಳುವುದಿಲ್ಲ. ತನ್ನ ರೂಪವನ್ನು ಕೃತಜ್ಞತೆಯಿಂದ ಒಪ್ಪಿಕೊಂಡವನಿಗೆ ಮಾತ್ರ ಕನ್ನಡಿಯಿಂದ ಎದ್ದು ಬೇರೆಯವರ ಮುಖ ನೋಡಲು ಪುರುಸೊತ್ತು ಸಿಗುತ್ತದೆ. ಕ್ರೈಸ್ತರ ಆತ್ಮವಿಶ್ವಾಸವೆಂದರೆ ಇದೇ.

ಆದ್ದರಿಂದ ಕೂದಲು ನೇರ ಮಾಡಿಸಿಕೊಂಡವರನ್ನು, ನರೆಗೆ ಬಣ್ಣ ಹಚ್ಚುವವರನ್ನು ಯಾರೂ ಹಂಗಿಸಬೇಡಿರಿ. ಅವರವರೇ ತಮ್ಮನ್ನು ಒಂದು ಮಾತು ಕೇಳಿಕೊಂಡರೆ ಸಾಕು: ಇದನ್ನು ಸಂತೋಷಕ್ಕೆ ಮಾಡುತ್ತಿದ್ದೇನೆಯೋ, ಭಯಕ್ಕೆ ಮಾಡುತ್ತಿದ್ದೇನೆಯೋ?

ತಂದೆತಾಯಂದಿರೇ, ಈ ಭಯ ಮಗುವಿನ ಮನಸ್ಸಿಗೆ ಇಳಿಯುವುದು ಹೆಚ್ಚಾಗಿ ಮನೆಯಲ್ಲೇ. "ಅಕ್ಕನ ಕೂದಲು ರೇಷ್ಮೆ, ಇವಳದ್ದು ತೆಂಗಿನ ನಾರು" ಎಂದು ನೆಂಟರ ಮುಂದೆ ಆಡುವ ಮಾತು ನಮಗೆ ಹಾಸ್ಯ, ಮಗುವಿಗೆ ಬರೆ. ಗುಂಗುರು ಕೂದಲನ್ನು ಬಾಚಲು ತಾಳ್ಮೆ ಬೇಕು. ಒದ್ದೆ ಇರುವಾಗ, ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಬೈಯುತ್ತಾ ಎಳೆದರೆ ಮಗು ತನ್ನ ಕೂದಲನ್ನು ಶತ್ರುವೆಂದು ತಿಳಿಯುತ್ತದೆ. ಆ ಹದಿನೈದು ನಿಮಿಷವನ್ನು ಪ್ರಾರ್ಥನೆಯಂತೆ ಕಳೆಯಿರಿ. ಹೆಣ್ಣು ನೋಡಲು ಹೋಗುವಾಗ ಮೈಬಣ್ಣ, ಜಡೆಯ ಉದ್ದಗಳನ್ನು ಅಳೆಯುವ ಹಿರಿಯರೂ, ಶಾಲೆಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಮುಂದೆ ಹಿಂದೆ ನಿಲ್ಲಿಸುವ ಶಿಕ್ಷಕರೂ, ನನ್ನಂಥ ಗುರುಗಳೂ ತಮ್ಮ ಅಳತೆಗೋಲನ್ನು ಒಮ್ಮೆ ಶಿಲುಬೆಯ ಬುಡದಲ್ಲಿಟ್ಟು ಬರಲಿ. ಕ್ಯಾನ್ಸರಿನ ಔಷಧಿಯಿಂದ ಕೂದಲೆಲ್ಲ ಉದುರಿ ಮುಸುಕಿನೊಳಗೆ ಪೂಜೆಗೆ ಬರುವ ಸಹೋದರಿಯರೂ ನಮ್ಮ ನಡುವೆ ಇದ್ದಾರೆ. ಬಿದ್ದ ಕೂದಲನ್ನೂ ತಂದೆ ಲೆಕ್ಕದಿಂದ ಬಿಟ್ಟಿಲ್ಲ.

ಆ ಹುಡುಗಿ ಈಗ ದೊಡ್ಡವಳಾಗಿ, ದಾದಿಯ ಕೆಲಸದಲ್ಲಿದ್ದಾಳೆ. ಕೆಲವು ತಿಂಗಳ ಹಿಂದೆ ಒಂದು ಹಬ್ಬದ ಪೂಜೆಯಲ್ಲಿ ಭೇಟಿಯಾದಳು. ತಲೆತುಂಬ ದೇವರು ಕೊಟ್ಟ ಗುಂಗುರು ಕೂದಲು. ನೆತ್ತಿಯಲ್ಲಿ ರೂಪಾಯಿಯಗಲ ಜಾಗದಲ್ಲಿ ಮಾತ್ರ ಇಂದಿಗೂ ಕೂದಲು ಬಂದಿಲ್ಲ. ಅಷ್ಟು ವರ್ಷ ತಡವಾಗಿ ನಾನು ಅವಳ ಕ್ಷಮೆ ಕೇಳಿದೆ. ಅವಳು ನಕ್ಕು, "ಅದನ್ನ ಎಂದೋ ಕ್ಷಮಿಸಿದ್ದೇನೆ ಫಾದರ್" ಎಂದಳು. ಸ್ವಲ್ಪ ತಡೆದು, "ಆದರೆ ಅವತ್ತು ಎಲ್ಲರೂ ನಕ್ಕಾಗ ನೀವೊಬ್ಬರು ನಗದೇ ಇದ್ದಿದ್ದರೆ ಸಾಕಿತ್ತು" ಎಂದಳು.

ಪ್ರಿಯರೇ, ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇಂದೇ ಯಾವುದಾದರೂ ಮಗುವನ್ನು ನೋಡಿ ಎಲ್ಲರೂ ನಗುವ ಹೊತ್ತು ಬರಬಹುದು. ಆಗ ನಗದೇ ಇರುವ ಆ ಒಬ್ಬರು ನೀವಾಗಿರಿ. ನಮ್ಮ ತಲೆಗೂದಲಿನ ಲೆಕ್ಕವಿಟ್ಟ ತಂದೆ ತಮ್ಮ ಕಣ್ಣುಗಳಿಂದ ನಮ್ಮನ್ನೂ ನಮ್ಮ ಮಕ್ಕಳನ್ನೂ ನೋಡುವ ವರವನ್ನು ನಮಗೆ ದಯಪಾಲಿಸಲಿ. ಆಮೆನ್.