ಚೇಳಿಗೆ ಸಲ್ಲುವ ದಯೆ

ಜೀವದಯೆಯ ಮಾತು ಬಂದಾಗ ನಮ್ಮ ಕಣ್ಣೆದುರು ನಿಲ್ಲುವುವು ಆಕಳು, ಜಿಂಕೆ, ಪಾರಿವಾಳಗಳು. ಗೋಕಾಕ ಸೀಮೆಯ ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ 1897ರಲ್ಲಿ ಪೂರ್ಣಗೊಂಡ ಕಲ್ಲಿನ ಒಡ್ಡಿದೆ. ಅದರ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶಗಳ ಕೊಕ್ಕರೆಗಳು ಬರುವುವೆಂದು 1974ರಲ್ಲಿ ಪಕ್ಷಿಧಾಮವಾಯಿತು. ಕೊಕ್ಕರೆಗೆ ಕಲ್ಲೆಸೆದ ಹುಡುಗನನ್ನು ಗದರಿಸುವ ಹಿರಿಯನೇ, ದಂಡೆಯ ಕಲ್ಲಿನಡಿ ಚೇಳು ಕಂಡೊಡನೆ ಕಾಲಿನ ಕೆರವನ್ನು ಕೈಗೆ ತೆಗೆದುಕೊಳ್ಳುವನು. ಹಕ್ಕಿಗೆ ಸಲ್ಲುವ ದಯೆ ಚೇಳಿಗೇಕೆ ಸಲ್ಲದು? ಅದು ಕುಟುಕುವುದಲ್ಲ ಎನ್ನುವಿರಿ. ಈ ಉತ್ತರವನ್ನು ಕೊಂಚ ಪರೀಕ್ಷಿಸೋಣ.

ಚೇಳೆಂಬ ಹೆಸರು ಒಂದೇ. ಅದರೊಳಗಿನ ಜೀವಗಳು ಹಲವು. ಅಂಟಾರ್ಕ್ಟಿಕವನ್ನುಳಿದು ಎಲ್ಲ ಖಂಡಗಳಲ್ಲಿಯೂ ಚೇಳುಗಳಿವೆ. ಇದುವರೆಗೆ ಗುರುತಿಸಿದ ಜಾತಿಗಳು 2,500ಕ್ಕೂ ಹೆಚ್ಚು. ಮೆಕ್ಸಿಕೋದ ಒಂದು ಕುರುಡು ಚೇಳು ಪೂರಾ ಒಂದು ಸೆಂಟಿಮೀಟರ್ ಕೂಡ ಬೆಳೆಯದು. ದಕ್ಷಿಣ ಭಾರತದ ಕರಿಚೇಳುಗಳಲ್ಲೊಂದು ಹೆಚ್ಚುಕಡಿಮೆ ಗೇಣುದ್ದವಾಗುವುದು. ಬ್ರೆಜಿಲಿನ ಹಳದಿ ಚೇಳಿನಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆಯೇ ಮರಿ ಹಾಕಬಲ್ಲುದು. ವಿಷ ಎಲ್ಲಕ್ಕೂ ಉಂಟು. ಆದರೆ ಮನುಷ್ಯನ ಪ್ರಾಣ ತೆಗೆಯಬಲ್ಲವು ಕೆಲವೇ ಹತ್ತು ಜಾತಿಗಳು. ಇದರಲ್ಲೊಂದು ವಿಪರ್ಯಾಸವಿದೆ. ನಮ್ಮ ಎದೆ ನಡುಗಿಸುವುದು ದಪ್ಪ ಇಕ್ಕಳಗಳ ಕರಿಚೇಳು. ಅದು ಕುಟುಕಿದರೆ ಉರಿಯುವುದು, ಸಾಮಾನ್ಯವಾಗಿ ಕೊಲ್ಲದು. ಮಕ್ಕಳನ್ನು ಬಲಿ ತೆಗೆದುಕೊಳ್ಳುವುದು ಸಣ್ಣ ಇಕ್ಕಳಗಳ, ನೋಟಕ್ಕೆ ಬಡಪಾಯಿಯಾದ ಕೆಂಪು ಚೇಳು. ಭಯಕ್ಕೆ ಈ ಭೇದ ತಿಳಿಯದು.

ಆ ಕೆಂಪು ಚೇಳನ್ನೇ ನೆರೆಯ ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರರು ಎದುರಿಸಿದರು. ಮೈ ಬೆವರಿ, ಕೈಕಾಲು ತಣ್ಣಗಾಗಿ, ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದವರ ಹಾಸಿಗೆಯ ಬಳಿ ಕುಳಿತು, ವಿಷವು ಹೃದಯದ ಮೇಲೆ ಎರಗುವ ಬಗೆಯನ್ನು ಕಂಡರು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಗುಳಿಗೆಯನ್ನು ಪ್ರಯೋಗಿಸಿ, 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ವಿಷ ತೀವ್ರವಾಗಿ ಏರಿದವರಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ಒಂದೆರಡಕ್ಕಿಳಿಯಿತು. 2022ರಲ್ಲಿ ಪದ್ಮಶ್ರೀ ಅವರನ್ನರಸಿ ಬಂದಿತು. ಇದು ಚೇಳುಗಳನ್ನು ಕೊಂದು ಸಾಧಿಸಿದುದಲ್ಲ.

ಹೊಳೆಯಲ್ಲಿ ತೇಲುವ ಚೇಳನ್ನು ಸಾಧುವೊಬ್ಬನು ಕುಟುಕಿಸಿಕೊಳ್ಳುತ್ತಲೇ ಮತ್ತೆ ಮತ್ತೆ ಎತ್ತಿದ ಕಥೆಯನ್ನು ನೀವೆಲ್ಲ ಕೇಳಿರುವಿರಿ. ಒಂದು ಎಲೆಯಿಂದ ಎತ್ತಬಾರದಿತ್ತೆ ಎಂದು ಹುಡುಗರು ಕೇಳಿದರೆ ಅದನ್ನು ಉದ್ಧಟತನವೆಂದು ತಳ್ಳಬೇಡಿ. ಆ ಕಥೆ ಸಾಧುವನ್ನು ಹೊಗಳಲು ಚೇಳಿಗೆ ಕೃತಘ್ನತೆಯನ್ನು ಹೊರಿಸುವುದು. ಬೇಟೆಗೂ ಆತ್ಮರಕ್ಷಣೆಗೂ ಕೊಂಡಿಯೆತ್ತುವ ಜೀವಿ ಅದು. ಮರಿಗಳು ಮೊದಲ ಪೊರೆ ಕಳಚುವವರೆಗೆ ಅವನ್ನೆಲ್ಲ ಬೆನ್ನ ಮೇಲೆ ಹೊತ್ತು ತಿರುಗುವ ತಾಯಿ ಅದು.

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯಂದು ಕೊಂಡಮಾಯಿಯ ಗುಡ್ಡ ಏರುವ ಜನರು ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವರು. ಆ ನಿರ್ಭಯವು ಮೆಚ್ಚತಕ್ಕದ್ದೇ. ಆದರೆ ಕಲ್ಲಿನಡಿ ಅಡಗಿದ ಜೀವವನ್ನು ಎಳೆದು ತರುವುದನ್ನೂ, ಎಳೆಯ ಮಕ್ಕಳ ಕೈಗೆ ಅದನ್ನು ಕೊಡುವುದನ್ನೂ ನಾನು ಒಪ್ಪಲಾರೆ.

ಹಾಗಾದರೆ ತೊಟ್ಟಿಲ ಕೆಳಗೆ ಕೆಂಪು ಚೇಳು ಕಂಡಾಗ? ಡಬ್ಬಿ ಮುಚ್ಚಿ ದೂರ ಬಿಡಲು ಸಮಯವಿದ್ದರೆ ಹಾಗೆಯೇ ಮಾಡತಕ್ಕದ್ದು. ಮಗುವಿನ ಕೈ ಅದರತ್ತ ಚಾಚಿದೆ, ಕ್ಷಣವೂ ಉಳಿದಿಲ್ಲ ಎಂದಾದರೆ, ಹೊಡೆದ ತಾಯಿಯನ್ನು ಹಿಂಸಕಿ ಎನ್ನಲು ನನಗೆ ಬಾಯಿ ಬಾರದು. ಹೊಲದ ಬದುವಿನಲ್ಲಿ, ಯಾರ ಗೊಡವೆಗೂ ಬಾರದ ಕರಿಚೇಳನ್ನು ಅರಸಿ ಜಜ್ಜುವವನು ಮಾತ್ರ ಆ ತಾಯಿಯ ನೆಪ ಹೇಳಲಾರನು.